ಮೈದಾನದ ಆಯವ್ಯಯ

ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗವು 2023ರ ಜೂನ್‌ನಲ್ಲಿ ಮುಗಿದ ಹಣಕಾಸು ವರ್ಷದಲ್ಲಿ ಸುಮಾರು 28 ಕೋಟಿ ಡಾಲರ್, ಎಂದರೆ ಎರಡು ಸಾವಿರ ಕೋಟಿ ರೂಪಾಯಿಗೂ ಮಿಗಿಲಾದ ಹಣವನ್ನು ಗಳಿಸಿತು. ಮರುವರ್ಷ ಅದೇ ವಿಭಾಗವು 25 ಕೋಟಿ ಡಾಲರಿಗೂ ಹೆಚ್ಚು ಗಳಿಸಿಯೂ ಸುಮಾರು 3.77 ಕೋಟಿ ಡಾಲರ್ ಕೊರತೆಯನ್ನು ತೋರಿಸಿತು. ತವರು ಮೈದಾನದಲ್ಲಿ ಆಡಿದ ಫುಟ್‌ಬಾಲ್ ಪಂದ್ಯಗಳ ಸಂಖ್ಯೆ ಆ ವರ್ಷ ಕಡಿಮೆಯಾಗಿತ್ತೆಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಒಂದೆರಡು ಪಂದ್ಯಗಳ ಟಿಕೆಟ್ಟು ಕೈತಪ್ಪಿದ್ದಕ್ಕೆ ಕೋಟಿಗಟ್ಟಲೆ ಡಾಲರಿನ ಕೊರತೆ ಬೀಳುವಂಥ ಸಂಸ್ಥೆಯ ಹಣಕಾಸಿನ ರಚನೆ ಎಂಥದ್ದು, ಆ ಹಣ ಯಾರಿಂದ ಬಂದು ಯಾರನ್ನು ಸೇರುತ್ತದೆ ಎಂಬ ಪ್ರಶ್ನೆಗಳು ಆ ದೇಶದ ಉನ್ನತ ಶಿಕ್ಷಣದ ಚರ್ಚೆಯಲ್ಲಿ ನೂರು ವರ್ಷಗಳಿಂದ ಮತ್ತೆ ಮತ್ತೆ ಎದ್ದಿವೆ. 2025ರಲ್ಲಿ ಬಂದ ಒಂದು ನ್ಯಾಯಾಲಯದ ಆದೇಶ ಅವುಗಳನ್ನು ಇನ್ನಷ್ಟು ತುರ್ತಿನವಾಗಿಸಿದೆ.

ಭಾರತದ ವಿಶ್ವವಿದ್ಯಾಲಯಗಳಲ್ಲಿ ಕ್ರೀಡೆಯೆಂದರೆ ದೈಹಿಕ ಶಿಕ್ಷಣ ನಿರ್ದೇಶಕರೊಬ್ಬರ ಕಚೇರಿ, ಪ್ರವೇಶದ ಹೊತ್ತಿಗೆ ಪ್ರತಿ ವಿದ್ಯಾರ್ಥಿಯಿಂದ ವಸೂಲಾಗುವ ಸಣ್ಣ ಕ್ರೀಡಾ ಶುಲ್ಕ ಮತ್ತು ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಹೋಗಿಬರುವ ತಂಡಗಳ ಪ್ರಯಾಣ ಭತ್ಯೆ ಎಂಬಷ್ಟಕ್ಕೆ ಬಹುಮಟ್ಟಿಗೆ ಮುಗಿಯುವ ವ್ಯವಸ್ಥೆ. ಅಮೆರಿಕದ ಕ್ರೀಡಾ ವಿಭಾಗದ ಕಲ್ಪನೆಯೇ ಬೇರೆ. ಅದಕ್ಕೆ ಕುಲಪತಿಗಿಂತ ಹೆಚ್ಚು ಸಂಬಳ ಪಡೆಯಬಲ್ಲ ನಿರ್ದೇಶಕ, ನೂರಾರು ಸಿಬ್ಬಂದಿ, ಸ್ವಂತ ಕ್ರೀಡಾಂಗಣಗಳು, ಸ್ವಂತ ದೇಣಿಗೆ ಸಂಗ್ರಹ ಘಟಕ, ಇಪ್ಪತ್ತರಿಂದ ಮೂವತ್ತಾರರವರೆಗೆ ತಂಡಗಳು ಇರುತ್ತವೆ. ಫ್ಲಾರಿಡಾ ವಿಶ್ವವಿದ್ಯಾಲಯದಂಥ ಕೆಲವೆಡೆ ಅದು ಕಾನೂನಿನ ದೃಷ್ಟಿಯಲ್ಲಿ ಪ್ರತ್ಯೇಕವಾಗಿ ನೋಂದಾಯಿತವಾದ, ಲಾಭರಹಿತ ಸಂಸ್ಥೆ. ಇನ್ನು ಕೆಲವೆಡೆ ವಿಶ್ವವಿದ್ಯಾಲಯದ ಅಂಗವೇ ಆಗಿದ್ದು, ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕಾದ ಪೂರಕ ಘಟಕವೆಂದು ಲೆಕ್ಕಪತ್ರದಲ್ಲಿ ಗುರುತಿಸಿಕೊಳ್ಳುತ್ತದೆ. ಹಾಗೆ ನಿಜವಾಗಿ ದುಡಿದುಕೊಳ್ಳುವ ವಿಭಾಗಗಳು ಬೆರಳೆಣಿಕೆಯಷ್ಟು. ಅಗ್ರ ಶ್ರೇಣಿಯಲ್ಲಿ ಫುಟ್‌ಬಾಲ್ ಆಡುವ ಸುಮಾರು 130 ವಿಶ್ವವಿದ್ಯಾಲಯಗಳಲ್ಲಿ 2019ರಲ್ಲಿ ಸ್ವಂತ ಗಳಿಕೆಯಿಂದ ಖರ್ಚನ್ನು ಸರಿದೂಗಿಸಿಕೊಂಡವು ಕೇವಲ 25. ಇಲ್ಲಿ ಫುಟ್‌ಬಾಲ್ ಎಂದರೆ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕನ್ ಆಟ ಎಂಬುದನ್ನು ಓದುಗರು ಕೊನೆಯವರೆಗೂ ನೆನಪಿಟ್ಟುಕೊಳ್ಳಬೇಕು.

ಕ್ರೀಡೆಗೆ ವ್ಯಾಪಾರ ಹೊಕ್ಕಿದ್ದು ದೂರದರ್ಶನ ಬಂದ ಮೇಲೆ ಎಂಬ ನಂಬಿಕೆ ಅಲ್ಲಿಯೂ ಪ್ರಚಲಿತವಾಗಿದೆ. ಇತಿಹಾಸ ಅದನ್ನು ಸಮರ್ಥಿಸುವುದಿಲ್ಲ. ಅಮೆರಿಕದ ಎರಡು ಕಾಲೇಜುಗಳ ನಡುವೆ ನಡೆದ ಮೊದಲ ಸ್ಪರ್ಧೆಯೆಂದು ದಾಖಲಾಗಿರುವ ಹಾರ್ವರ್ಡ್ ಮತ್ತು ಯೇಲ್‌ಗಳ ದೋಣಿ ಓಟ 1852ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ವಿನ್ನಿಪೆಸಾಕಿ ಸರೋವರದಲ್ಲಿ ನಡೆದಾಗ, ಹುಟ್ಟುಗಾರರ ಪ್ರಯಾಣ ಮತ್ತು ವಸತಿಯ ಖರ್ಚನ್ನು ಹೊತ್ತದ್ದು ಆ ದಾರಿಗೆ ಪ್ರವಾಸಿಗರನ್ನು ಸೆಳೆಯಬೇಕಾಗಿದ್ದ ಒಂದು ರೈಲ್ವೆ ಕಂಪನಿ. ಪ್ರಾಯೋಜಕತ್ವ ಎಂಬುದು ಕಾಲೇಜು ಕ್ರೀಡೆಗೆ ನಡುವೆ ತಗುಲಿದ ರೋಗವಲ್ಲ, ಹುಟ್ಟಿನೊಂದಿಗೇ ಬಂದದ್ದು.

ಶಿಕಾಗೊ ವಿಶ್ವವಿದ್ಯಾಲಯದ ಕಥೆ ಈ ಸಂಬಂಧದ ಎರಡೂ ತುದಿಗಳನ್ನು ತೋರಿಸುತ್ತದೆ. 1892ರಲ್ಲಿ ಪಾಠ ಶುರುವಾದಾಗಲೇ ಅದರ ಮೊದಲ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಅವರು ಆಮೋಸ್ ಅಲೊಂಜೊ ಸ್ಟ್ಯಾಗ್ ಎಂಬ ತರಬೇತುದಾರರನ್ನು ಅಧ್ಯಾಪಕ ಹುದ್ದೆಯ ಸ್ಥಾನಮಾನದೊಂದಿಗೆ ನೇಮಿಸಿಕೊಂಡು, ಹೊಸ ಸಂಸ್ಥೆಯ ಹೆಸರನ್ನು ಫುಟ್‌ಬಾಲಿನ ಮೂಲಕ ಊರೂರಿಗೆ ಮುಟ್ಟಿಸಿದರು. ಸುಮಾರು ಐದು ದಶಕಗಳ ಬಳಿಕ ಅದೇ ವಿಶ್ವವಿದ್ಯಾಲಯದ ಅಧ್ಯಕ್ಷ ರಾಬರ್ಟ್ ಮೇನಾರ್ಡ್ ಹಚಿನ್ಸ್ ಅವರು ವಿದ್ಯೆಗೂ ಈ ಆಟಕ್ಕೂ ಸಂಬಂಧವಿಲ್ಲವೆಂದು ತೀರ್ಮಾನಿಸಿ 1939ರಲ್ಲಿ ಫುಟ್‌ಬಾಲ್ ತಂಡವನ್ನೇ ವಿಸರ್ಜಿಸಿದರು. ಪಾಳುಬಿದ್ದ ಸ್ಟ್ಯಾಗ್ ಕ್ರೀಡಾಂಗಣದ ಪ್ರೇಕ್ಷಕರ ಅಟ್ಟಣೆಯ ಕೆಳಗಿನ ಅಂಗಣದಲ್ಲಿಯೇ ಎನ್ರಿಕೊ ಫರ್ಮಿ ಮತ್ತು ಸಂಗಡಿಗರು 1942ರ ಡಿಸೆಂಬರ್ 2ರಂದು ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಪಣಿ ಕ್ರಿಯೆಯನ್ನು ಸಾಧಿಸಿದರು. ಕನ್ನಡದ ಎ. ಕೆ. ರಾಮಾನುಜನ್ ಅವರು 1960ರ ದಶಕದ ಆರಂಭದಲ್ಲಿ ಅಧ್ಯಾಪಕರಾಗಿ ಹೋಗಿ ಸೇರಿದ್ದು ಹೀಗೆ ಫುಟ್‌ಬಾಲನ್ನು ಕೈಬಿಟ್ಟಿದ್ದ ಶಿಕಾಗೊವನ್ನು. ಅಲ್ಲಿ ಅಧಿಕೃತ ತಂಡ ಮರಳಿದ್ದು 1969ರಲ್ಲಿ, ಅದೂ ಅತ್ಯಂತ ಕೆಳಗಿನ, ಕ್ರೀಡಾ ವಿದ್ಯಾರ್ಥಿವೇತನವಿಲ್ಲದ ಶ್ರೇಣಿಯಲ್ಲಿ. ಹಚಿನ್ಸ್ ಅವರ ನಿರ್ಧಾರವನ್ನು ಹೊಗಳಿದವರು ಬಹಳ. ಅನುಸರಿಸಿದ ದೊಡ್ಡ ವಿಶ್ವವಿದ್ಯಾಲಯಗಳು ತೀರಾ ವಿರಳ.

ಉಳಿದವರು ಹಿಡಿದ ದಾರಿಯಲ್ಲಿ ಆದಾಯದ ಮೊದಲ ಮೂಲವೆಂದರೆ ಪ್ರೇಕ್ಷಕ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದ ಅಧಿಕೃತ ಸಾಮರ್ಥ್ಯ 1,07,601. ಅಹಮದಾಬಾದಿನ ನರೇಂದ್ರ ಮೋದಿ ಕ್ರೀಡಾಂಗಣವನ್ನು ಬಿಟ್ಟರೆ ಭಾರತದ ಯಾವ ಕ್ರಿಕೆಟ್ ಮೈದಾನವೂ ಅದನ್ನು ಮೀರುವುದಿಲ್ಲ. ಆದರೆ ಮಿಷಿಗನ್ನಿನ ಆ ಕ್ರೀಡಾಂಗಣ ವರ್ಷದಲ್ಲಿ ತುಂಬುವುದು ಏಳೆಂಟು ಶನಿವಾರ ಮಾತ್ರ. ಹೀಗಾಗಿ ಟಿಕೆಟ್ಟಿನ ಮುಖಬೆಲೆಯಷ್ಟನ್ನೇ ನಂಬಿ ಕೂರಲಾಗದ ವಿಭಾಗಗಳು, ಒಳ್ಳೆಯ ಆಸನದ ಟಿಕೆಟ್ಟನ್ನು ಕೊಳ್ಳುವ ಹಕ್ಕಿಗಾಗಿಯೇ ಮೊದಲು ದೇಣಿಗೆ ಕೊಡಬೇಕೆಂಬ ಪದ್ಧತಿಯನ್ನು ಬೆಳೆಸಿದವು. ಕೊಟ್ಟ ದೇಣಿಗೆಯ ಮೊತ್ತ ಮತ್ತು ವರ್ಷಗಳನ್ನು ಅಂಕಗಳಾಗಿ ಎಣಿಸಿ, ಹೆಚ್ಚು ಅಂಕದವರಿಗೆ ಮೈದಾನದ ನಡುಗೆರೆಯ ಸಮೀಪದ ಆಸನವನ್ನು ಕೊಡಲಾಗುತ್ತದೆ. ಇಂಥ ಪಾವತಿಯ ಶೇಕಡ 80ರಷ್ಟನ್ನು ದಾನವೆಂದು ತೋರಿಸಿ ಆದಾಯ ತೆರಿಗೆಯಲ್ಲಿ ವಿನಾಯಿತಿ ಪಡೆಯಲು 1988ರ ಕಾನೂನೊಂದು ಅವಕಾಶ ಮಾಡಿತ್ತು, ಎಂದರೆ ಸಿರಿವಂತ ಅಭಿಮಾನಿಯ ಕುರ್ಚಿಗೆ ಕುರ್ಚಿಯನ್ನೇ ನೋಡದ ತೆರಿಗೆದಾರನೂ ಒಂದು ಪಾಲು ತೆರುತ್ತಿದ್ದ. ಆ ಸವಲತ್ತು 2017ರ ತೆರಿಗೆ ಸುಧಾರಣೆಯಲ್ಲಿ ರದ್ದಾಯಿತು.

ದೊಡ್ಡ ದಾನಿಗಳ ಲೋಕವೇ ಬೇರೆ. ತೈಲೋದ್ಯಮಿ ಟಿ. ಬೂನ್ ಪಿಕನ್ಸ್ ಅವರು 2005–06ರ ಹೊತ್ತಿಗೆ ತಾವು ಓದಿದ ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗಕ್ಕೆ 16.5 ಕೋಟಿ ಡಾಲರ್ ಕೊಟ್ಟರು, ಮತ್ತು ಆ ಹಣವನ್ನು ವಿಭಾಗವು ಕೂಡಲೇ ಅವರದೇ ಹೂಡಿಕೆ ನಿಧಿಯಲ್ಲಿ ತೊಡಗಿಸಿತು. ಅಲ್ಲಿನ ಕ್ರೀಡಾಂಗಣಕ್ಕೆ ಅವರ ಹೆಸರಿದೆ. ಆರೆಗನ್ ವಿಶ್ವವಿದ್ಯಾಲಯದ ಮೈದಾನಗಳು ನೈಕಿ ಸಹಸಂಸ್ಥಾಪಕ ಫಿಲ್ ನೈಟ್ ಅವರ ಉದಾರತೆಯಿಂದ ಮೇಲೆದ್ದವು. ಇಂಥ ದೇಣಿಗೆಗೆ ದಾನಿಯೇ ಗುರಿಯನ್ನು ನಿಗದಿ ಮಾಡುವುದರಿಂದ, ಅದು ಕಟ್ಟಡವಾಗಿ ನಿಲ್ಲುತ್ತದೆಯೇ ಹೊರತು ಗ್ರಂಥಾಲಯದ ಪುಸ್ತಕವಾಗಿಯೋ ಸಹಾಯಕ ಪ್ರಾಧ್ಯಾಪಕನ ಸಂಬಳವಾಗಿಯೋ ಮಾರ್ಪಡುವುದಿಲ್ಲ.

ಇಂದಿನ ಹಣದ ಮುಖ್ಯ ಹರಿವು ಪ್ರಸಾರ ಹಕ್ಕುಗಳದ್ದು. ಇದನ್ನು ತಿಳಿಯಲು ಎನ್‌ಸಿಎಎ ಎಂದು ಕರೆಯಲಾಗುವ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘವನ್ನು ಅರಿಯಬೇಕು. ಫುಟ್‌ಬಾಲ್ ಮೈದಾನದಲ್ಲಿ ಆಟಗಾರರ ಸಾವುಗಳು ಹೆಚ್ಚಿ, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರು 1905ರಲ್ಲಿ ಪ್ರಮುಖ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿ ಎಚ್ಚರಿಸಿದ ಮೇಲೆ, 1906ರಲ್ಲಿ ಹುಟ್ಟಿದ ಈ ಸಂಘಕ್ಕೆ ಈಗ ಮೂರು ಶ್ರೇಣಿಗಳಲ್ಲಿ ಸುಮಾರು 1,100 ಸದಸ್ಯ ಸಂಸ್ಥೆಗಳಿವೆ. ಟಿವಿಯಲ್ಲಿ ಬಂದರೆ ಮೈದಾನ ಖಾಲಿಯಾದೀತೆಂಬ ಭಯದಿಂದ 1950ರ ದಶಕದ ಆರಂಭದಿಂದ ಎನ್‌ಸಿಎಎ ಎಲ್ಲ ಸದಸ್ಯರ ಫುಟ್‌ಬಾಲ್ ಪ್ರಸಾರವನ್ನೂ ತಾನೇ ನಿಯಂತ್ರಿಸಿ, ಯಾರ ಪಂದ್ಯ ಎಷ್ಟು ಸಲ ಕಾಣಿಸಿಕೊಳ್ಳಬೇಕೆಂಬುದನ್ನು ಗೊತ್ತುಮಾಡುತ್ತಿತ್ತು. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಹೂಡಿದ ದಾವೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ 7–2ರ ಬಹುಮತದಿಂದ ಈ ನಿಯಂತ್ರಣವನ್ನು ಸ್ಪರ್ಧಾ ಕಾನೂನಿನ ಉಲ್ಲಂಘನೆಯೆಂದು ಹೊಡೆದುಹಾಕಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಅವರು ತಮ್ಮ ವಿದ್ಯಾರ್ಥಿ ದೆಸೆಯಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದ ಹೆಸರಾಂತ ಫುಟ್‌ಬಾಲ್ ಆಟಗಾರರಾಗಿದ್ದವರು. ಹಣದ ಬೆನ್ನು ಹತ್ತಿದರೆ ವಿದ್ಯೆಯ ಉದ್ದೇಶ ಹಿಂದೆ ಬಿದ್ದೀತೆಂಬ ಅವರ ಆತಂಕಕ್ಕೆ ಅಂದು ಹೆಚ್ಚು ಜನ ಕಿವಿಗೊಡಲಿಲ್ಲ.

ಆ ತೀರ್ಪಿನ ನಂತರ ಪ್ರಸಾರದ ಹಕ್ಕು ಕಾನ್ಫರೆನ್ಸ್‌ಗಳ ಕೈಗೆ ಬಂತು. ಕಾನ್ಫರೆನ್ಸ್ ಎಂದರೆ ತಮ್ಮತಮ್ಮಲ್ಲಿ ನಿಯಮಿತವಾಗಿ ಆಡಿಕೊಳ್ಳಲು ಹತ್ತಾರು ವಿಶ್ವವಿದ್ಯಾಲಯಗಳು ಸೇರಿ ಮಾಡಿಕೊಂಡ ಒಕ್ಕೂಟ. ಮೊದಲಿಗೆ ಅದು ನೆರೆಹೊರೆಯ ಸಂಬಂಧವಾಗಿತ್ತು, ರೈಲಿನಲ್ಲಿ ರಾತ್ರಿ ಹೊರಟು ಬೆಳಿಗ್ಗೆ ಮುಟ್ಟುವಷ್ಟು ದೂರದವರ ಕೂಟವಾಗಿತ್ತು. ಬಿಗ್ ಟೆನ್ ಎಂಬ ಒಕ್ಕೂಟ 2022ರಲ್ಲಿ ಫಾಕ್ಸ್, ಸಿಬಿಎಸ್ ಮತ್ತು ಎನ್‌ಬಿಸಿ ವಾಹಿನಿಗಳೊಂದಿಗೆ ಏಳು ವರ್ಷಗಳಿಗೆ 700 ಕೋಟಿ ಡಾಲರಿಗೂ ಹೆಚ್ಚಿನದೆಂದು ವರದಿಯಾದ ಒಪ್ಪಂದ ಮಾಡಿಕೊಂಡಿತು. ಅದರ ಪೂರ್ಣ ಸದಸ್ಯ ವಿಶ್ವವಿದ್ಯಾಲಯವೊಂದಕ್ಕೆ ಒಕ್ಕೂಟದಿಂದ ವರ್ಷಕ್ಕೆ ಸುಮಾರು 6 ಕೋಟಿ ಡಾಲರ್ ಪಾಲು ಸಿಗುತ್ತದೆ. ಇದನ್ನು ಕಂಡ ಲಾಸ್ ಏಂಜಲೀಸ್‌ನ ಎರಡು ದೊಡ್ಡ ವಿಶ್ವವಿದ್ಯಾಲಯಗಳು ಶತಮಾನದಷ್ಟು ಹಳೆಯ ಪಶ್ಚಿಮ ಕರಾವಳಿಯ ಒಕ್ಕೂಟವನ್ನು ತೊರೆದು ಬಿಗ್ ಟೆನ್ ಸೇರಿದವು, ಅವುಗಳ ಹಿಂದೆಯೇ ಉಳಿದವೂ ಚದುರಿದವು. ಪೆಸಿಫಿಕ್ ಸಾಗರದ ಮಗ್ಗುಲಲ್ಲಿರುವ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಗಳು 2024ರಿಂದ ಅಟ್ಲಾಂಟಿಕ್ ಕರಾವಳಿಯ ಹೆಸರು ಹೊತ್ತ ಒಕ್ಕೂಟದ ಸದಸ್ಯರಾಗಿವೆ. ಫುಟ್‌ಬಾಲಿಗಾಗಿ ಬರೆದ ಈ ಭೂಪಟದ ಪ್ರಕಾರ ವಾಲಿಬಾಲ್ ಆಡುವ ಹುಡುಗಿಯರೂ ವಾರದ ನಡುವೆ ಖಂಡದ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರಬೇಕಾಗಿದೆ. ಅತ್ತ, ಒಂದೇ ಆಡಳಿತ ಮಂಡಳಿಯ ಅಡಿಯಲ್ಲಿರುವ ಸೋದರ ಸಂಸ್ಥೆ ಬರ್ಕ್ಲಿಗೆ ಆದ ನಷ್ಟ ತುಂಬಿಕೊಡಲು, ತಾನೇ ಕೊರತೆಯಲ್ಲಿರುವ ಲಾಸ್ ಏಂಜಲೀಸ್ ಶಾಖೆಯು (ಯುಸಿಎಲ್‌ಎ) ವರ್ಷಕ್ಕೆ 1 ಕೋಟಿ ಡಾಲರ್ ಕೊಡಬೇಕೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಆದೇಶಿಸಿತು.

ಎನ್‌ಸಿಎಎ ಬಳಿ ಉಳಿದ ದೊಡ್ಡ ಆದಾಯ ಒಂದೇ, ಮಾರ್ಚ್ ತಿಂಗಳಲ್ಲಿ ನಡೆಯುವ ಪುರುಷರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ. 2010ರಲ್ಲಿ 14 ವರ್ಷಗಳಿಗೆ 1,080 ಕೋಟಿ ಡಾಲರಿಗೆ ಮಾರಿದ್ದ ಅದರ ಪ್ರಸಾರ ಹಕ್ಕನ್ನು 2016ರಲ್ಲಿ ಇನ್ನೂ 880 ಕೋಟಿ ಡಾಲರಿಗೆ 2032ರವರೆಗೆ ವಿಸ್ತರಿಸಲಾಯಿತು. ಈ ಹಣದ ಹಂಚಿಕೆಗೆ ಒಂದು ವಿಚಿತ್ರ ಘಟಕ ಲೆಕ್ಕವಿದೆ: ತಂಡವೊಂದು ಆಡುವ ಪ್ರತಿ ಪಂದ್ಯಕ್ಕೂ, ಅಂತಿಮ ಪಂದ್ಯವೊಂದನ್ನು ಬಿಟ್ಟು, ಅದರ ಒಕ್ಕೂಟಕ್ಕೆ ಒಂದು ಘಟಕ ಜಮೆಯಾಗಿ, ಆ ಘಟಕಕ್ಕೆ ಆರು ವರ್ಷಗಳಲ್ಲಿ ಒಟ್ಟು ಸುಮಾರು 20 ಲಕ್ಷ ಡಾಲರ್ ಸಲ್ಲುತ್ತದೆ. ಸಣ್ಣ ವಿಶ್ವವಿದ್ಯಾಲಯವೊಂದು ಒಂದೆರಡು ಪಂದ್ಯ ಗೆದ್ದು ಸುದ್ದಿ ಮಾಡಿದರೆ, ಆ ಗೆಲುವು ಅದರ ನೆರೆಯ ಎದುರಾಳಿಗಳ ಬಜೆಟ್ಟನ್ನೂ ಆರು ವರ್ಷ ಸಾಕುತ್ತದೆ. ಫುಟ್‌ಬಾಲಿನ ಅಂತಿಮ ಸುತ್ತಿನ ಹಣದಲ್ಲಿ ಮಾತ್ರ ಎನ್‌ಸಿಎಎಗೆ ಪಾಲಿಲ್ಲ. ಅದನ್ನು ಒಕ್ಕೂಟಗಳೇ ನಡೆಸುತ್ತವೆ. ಇಎಸ್‌ಪಿಎನ್ ವಾಹಿನಿ ಅದಕ್ಕೆ 2032ರ ತನಕ ಆರು ವರ್ಷಗಳಿಗೆ 780 ಕೋಟಿ ಡಾಲರ್ ಕೊಡಲು ಒಪ್ಪಿದೆ. ಇಷ್ಟೆಲ್ಲ ಪ್ರಸಾರದ ಆದಾಯಕ್ಕೆ ವಿಶ್ವವಿದ್ಯಾಲಯಗಳು ತೆರಿಗೆ ಕೊಡುವುದಿಲ್ಲ, ಏಕೆಂದರೆ ಅದನ್ನು ಶಿಕ್ಷಣದ ಉದ್ದೇಶಕ್ಕೆ ಸಂಬಂಧಿಸಿದ ಆದಾಯವೆಂದೇ ತೆರಿಗೆ ಇಲಾಖೆ ಪರಿಗಣಿಸಿದೆ.

ಉಡುಪು ಮತ್ತು ಪಾದರಕ್ಷೆ ಕಂಪನಿಗಳ ಒಪ್ಪಂದಗಳು ಸುದ್ದಿಯಲ್ಲಿ ದೊಡ್ಡವು, ಬಜೆಟ್ಟಿನಲ್ಲಿ ಅಷ್ಟಲ್ಲ. ಅಂಡರ್ ಆರ್ಮರ್ ಕಂಪನಿ 2016ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎಗೆ 15 ವರ್ಷಗಳಲ್ಲಿ 28 ಕೋಟಿ ಡಾಲರ್ ಕೊಡುವುದಾಗಿ ಘೋಷಿಸಿ, ಕೋವಿಡ್ ಬಂದ 2020ರಲ್ಲಿ ಒಪ್ಪಂದ ಮುರಿದು, ಕೊನೆಗೆ 2022ರಲ್ಲಿ 6.75 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಇದಕ್ಕಿಂತ ಸ್ವಾರಸ್ಯದ್ದು ಖಾತರಿ ಪಂದ್ಯಗಳ ವ್ಯವಹಾರ: ಬಲಾಢ್ಯ ತಂಡವು ತನ್ನ ಮೈದಾನ ತುಂಬಿಸಿಕೊಂಡು ಸುಲಭವಾಗಿ ಗೆಲ್ಲಲೆಂದು ದುರ್ಬಲ ತಂಡವನ್ನು ದುಡ್ಡು ಕೊಟ್ಟು ಕರೆಸಿಕೊಳ್ಳುತ್ತದೆ, ಸೋಲಲು ಹೋಗುವ ತಂಡ ಆ ಹಣದಲ್ಲಿ ತನ್ನ ಇಡೀ ವಿಭಾಗದ ಖರ್ಚಿನ ಒಂದು ಭಾಗವನ್ನು ತೂಗಿಸಿಕೊಳ್ಳುತ್ತದೆ. 2007ರಲ್ಲಿ ಹೀಗೆ 4 ಲಕ್ಷ ಡಾಲರಿಗೆ ಮಿಷಿಗನ್‌ಗೆ ಬಂದ ಅಪ್ಪಲೇಷಿಯನ್ ಸ್ಟೇಟ್ ತಂಡ 34–32ರಿಂದ ಗೆದ್ದು ಹೋಯಿತು. ಹಣ ವಾಪಸು ಕೇಳುವ ಕರಾರೇನೂ ಇರಲಿಲ್ಲ.

ಇಷ್ಟು ಹಣ ಬಂದರೂ ಉಳಿಯದಿರುವುದಕ್ಕೆ ದುಂದುಗಾರಿಕೆಯೊಂದನ್ನೇ ದೂರಿದರೆ ಸಾಲದು. ಅರ್ಥಶಾಸ್ತ್ರಜ್ಞ ಹಾವರ್ಡ್ ಬೋವೆನ್ ಅವರು 1980ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳ ವೆಚ್ಚದ ಬಗ್ಗೆ ಒಂದು ನಿಯಮವನ್ನು ಮುಂದಿಟ್ಟರು: ಪ್ರತಿಷ್ಠೆಗೆ ಮಿತಿಯಿಲ್ಲದಿರುವುದರಿಂದ ಅವು ಸಾಧ್ಯವಿದ್ದಷ್ಟು ಹಣ ಎತ್ತುತ್ತವೆ, ಎತ್ತಿದ್ದನ್ನೆಲ್ಲ ಖರ್ಚು ಮಾಡುತ್ತವೆ, ಆದ್ದರಿಂದ ಅವುಗಳ ವೆಚ್ಚವನ್ನು ನಿರ್ಧರಿಸುವುದು ಅಗತ್ಯವಲ್ಲ, ಆದಾಯ. ಕ್ರೀಡಾ ವಿಭಾಗಕ್ಕೆ ಈ ಮಾತು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಲಾಭಾಂಶ ಕೇಳುವ ಷೇರುದಾರ ಅಲ್ಲಿಲ್ಲ, ಉಳಿಸಿದರೆ ಬೆನ್ನು ತಟ್ಟುವವರಿಲ್ಲ, ಸೋತರೆ ಮಾತ್ರ ಎಲ್ಲರೂ ಕೇಳುತ್ತಾರೆ. ಜೊತೆಗೆ, ಬೇರೆ ಉದ್ಯಮಗಳಲ್ಲಿ ಸಾಮಾನ್ಯವಾಗಿ ಆದಾಯದ ದೊಡ್ಡ ಪಾಲನ್ನು ಪಡೆಯುವ ದುಡಿಮೆಗಾರರು, ಎಂದರೆ ಆಟಗಾರರು, ಇಲ್ಲಿ ನಿಯಮದ ಪ್ರಕಾರ ಸಂಬಳಕ್ಕೆ ಅನರ್ಹರಾಗಿದ್ದರು. ಹಾಗೆ ಆಟಗಾರರಿಗೆ ಹೋಗದೆ ಉಳಿದ ಹಣ ಬೇರೆ ದಾರಿ ಹುಡುಕಿಕೊಂಡಿತು. ಅಗ್ರ ಶ್ರೇಣಿಯ ವಿಶ್ವವಿದ್ಯಾಲಯಗಳಲ್ಲಿ ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲ್ ತರುವ ಆದಾಯದಲ್ಲಿ ವಿದ್ಯಾರ್ಥಿವೇತನ ಮತ್ತು ಜೀವನ ಭತ್ಯೆಯ ರೂಪದಲ್ಲಿ ಆ ಆಟಗಾರರನ್ನು ತಲುಪುತ್ತಿದ್ದುದು ಶೇಕಡ 7ಕ್ಕಿಂತ ಕಡಿಮೆಯೆಂದು 2020ರ ಒಂದು ಅರ್ಥಶಾಸ್ತ್ರೀಯ ಅಧ್ಯಯನ ಲೆಕ್ಕ ಹಾಕಿತು.

ಮೊದಲ ದಾರಿ ತರಬೇತುದಾರರ ಸಂಬಳ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರನೆಂದರೆ ರಾಜ್ಯಪಾಲರೂ ಅಲ್ಲ, ವೈದ್ಯಕೀಯ ಕಾಲೇಜಿನ ಮುಖ್ಯಸ್ಥರೂ ಅಲ್ಲ, ಯಾವುದೋ ಸರ್ಕಾರಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ತರಬೇತುದಾರ. ಕೆಲಸದಿಂದ ತೆಗೆಯುವುದಕ್ಕೂ ಹಣ ಬೇಕು. 2023ರ ನವೆಂಬರಿನಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯವು ಜಿಂಬೊ ಫಿಷರ್ ಅವರನ್ನು ಅವಧಿಗೆ ಮುನ್ನ ಬಿಡುಗಡೆ ಮಾಡಿದಾಗ ಒಪ್ಪಂದದ ಪ್ರಕಾರ ಅವರಿಗೆ ಕೊಡಬೇಕಾದ ಬಾಕಿ 7.6 ಕೋಟಿ ಡಾಲರಿಗೂ ಹೆಚ್ಚಾಗಿತ್ತು, ಎಂದರೆ ಕೆಲಸ ಮಾಡದಿರುವುದಕ್ಕೆ ಆರುನೂರು ಕೋಟಿ ರೂಪಾಯಿಗೂ ಮೀರಿದ ಮೊತ್ತ. ಎರಡನೆಯ ದಾರಿ ಕಟ್ಟಡ. ಭೂಕಂಪದ ಬಿರುಕಿನ ಮೇಲೆಯೇ ನಿಂತಿರುವ ಬರ್ಕ್ಲಿಯ ಹಳೆಯ ಕ್ರೀಡಾಂಗಣವನ್ನು ಭದ್ರಪಡಿಸಿ ನವೀಕರಿಸಲು 2010ರ ದಶಕದಲ್ಲಿ ಮಾಡಿದ ಸಾಲವನ್ನು ದುಬಾರಿ ಆಸನಗಳ ದೀರ್ಘಾವಧಿ ಮಾರಾಟದಿಂದ ತೀರಿಸುವ ಯೋಜನೆಯಿತ್ತು. ಆಸನಗಳು ಎಣಿಸಿದಷ್ಟು ಮಾರಾಟವಾಗಲಿಲ್ಲ. ಆ ಸಾಲದ ಕಂತುಗಳು ಮುಂದಿನ ಶತಮಾನದವರೆಗೂ ಚಾಚಿಕೊಂಡಿದ್ದು, ಸಾಲದ ಒಂದು ಭಾಗವನ್ನು ವಿಶ್ವವಿದ್ಯಾಲಯವೇ ತನ್ನ ಹೆಗಲಿಗೆ ಹಾಕಿಕೊಳ್ಳಬೇಕಾಯಿತು.

ಲೆಕ್ಕಪತ್ರದಲ್ಲಿ ಖರ್ಚೆಂದು ಕಾಣುವುದೆಲ್ಲ ಖರ್ಚೇ ಎಂಬುದೂ ಖಚಿತವಲ್ಲ. ಆಟಗಾರನಿಗೆ ವಿದ್ಯಾರ್ಥಿವೇತನ ಕೊಡುವುದೆಂದರೆ ಕ್ರೀಡಾ ವಿಭಾಗವು ಅವನ ಬೋಧನಾ ಶುಲ್ಕವನ್ನು ಪೂರ್ಣ ದರದಲ್ಲಿ ವಿಶ್ವವಿದ್ಯಾಲಯದ ಮುಖ್ಯ ಖಾತೆಗೆ ವರ್ಗಾಯಿಸುವುದು. ಇನ್ನೂರು ಜನರಿರುವ ತರಗತಿಗೆ ಇನ್ನೊಬ್ಬ ಬಂದು ಕುಳಿತರೆ ವಿಶ್ವವಿದ್ಯಾಲಯಕ್ಕೆ ತಗಲುವ ನಿಜವಾದ ಹೆಚ್ಚುವರಿ ವೆಚ್ಚ ಅತ್ಯಲ್ಪ. ಎಡಜೇಬಿನಿಂದ ಬಲಜೇಬಿಗೆ ಹೋದ ಈ ಹಣ ಕ್ರೀಡಾ ವಿಭಾಗದ ಕೊರತೆಯನ್ನು ಹಿಗ್ಗಿಸಿ ತೋರಿಸುತ್ತದೆ. ಇದಕ್ಕೆ ವಿರುದ್ಧವಾಗಿ, ಕ್ರೀಡಾಂಗಣದ ಸಾಲದ ಬಡ್ಡಿ, ವಿದ್ಯುತ್ತು, ಭದ್ರತೆ ಮುಂತಾದವನ್ನು ಮುಖ್ಯ ಬಜೆಟ್ಟಿನಲ್ಲಿ ಅಡಗಿಸಿಟ್ಟರೆ ಅದೇ ವಿಭಾಗ ಲಾಭದಲ್ಲಿರುವಂತೆ ಕಾಣಬಲ್ಲದು. ಲಾಭವೋ ನಷ್ಟವೋ ಎಂದು ಕೇಳುವುದಕ್ಕಿಂತ ಹೊರೆ ಯಾರ ಮೇಲೆ ಬೀಳುತ್ತದೆ ಎಂದು ಕೇಳುವುದೇ ಇಲ್ಲಿ ಹೆಚ್ಚು ಫಲಕಾರಿಯಾದ ವಿಚಾರಣೆ.

ಟಿವಿಯ ಹಣ ಎಟುಕದ ಸಂಸ್ಥೆಗಳಲ್ಲಿ ಆ ಹೊರೆ ಬೀಳುವುದು ವಿದ್ಯಾರ್ಥಿಗಳ ಮೇಲೆ. ಅಗ್ರ ಶ್ರೇಣಿಯ ಕೆಳ ಮೆಟ್ಟಿಲಿನಲ್ಲಿರುವ ವಿಶ್ವವಿದ್ಯಾಲಯಗಳ ಕ್ರೀಡಾ ಬಜೆಟ್ಟಿನ ಅರ್ಧಕ್ಕೂ ಹೆಚ್ಚು ಭಾಗ, ಇನ್ನೂ ಕೆಳಗಿನವುಗಳಲ್ಲಿ ಮುಕ್ಕಾಲರ ಸಮೀಪದವರೆಗೆ, ಕಡ್ಡಾಯ ವಿದ್ಯಾರ್ಥಿ ಶುಲ್ಕದಿಂದಲೂ ವಿಶ್ವವಿದ್ಯಾಲಯದ ಸಾಮಾನ್ಯ ನಿಧಿಯಿಂದಲೂ ಬರುತ್ತದೆ. ವರ್ಜೀನಿಯಾ ರಾಜ್ಯದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ವರ್ಷಕ್ಕೆ 2,000 ಡಾಲರಿಗೂ ಹೆಚ್ಚನ್ನು ಕ್ರೀಡಾ ವಿಭಾಗದ ಸಲುವಾಗಿಯೇ ಕಟ್ಟುತ್ತಾನೆ. ಪಂದ್ಯಕ್ಕೆ ಹೋಗುತ್ತಾನೋ ಇಲ್ಲವೋ ಎಂಬ ಪ್ರಶ್ನೆ ಅಲ್ಲಿಲ್ಲ. ಶುಲ್ಕದ ಬಿಲ್ಲಿನಲ್ಲಿ ಇದು ಬೇರೆ ಬೇರೆ ಹೆಸರಿನ ಸಮಗ್ರ ಶುಲ್ಕಗಳೊಳಗೆ ಸೇರಿಹೋಗುವುದರಿಂದ ಎಷ್ಟೋ ಕುಟುಂಬಗಳಿಗೆ ಇದರ ಅರಿವೇ ಇರುವುದಿಲ್ಲ, ಮತ್ತು ಶಿಕ್ಷಣ ಸಾಲ ಮಾಡಿ ಓದುವವನು ಇದನ್ನೂ ಸಾಲವಾಗಿಯೇ ಹೊತ್ತು, ಪದವಿ ಮುಗಿದು ಎಷ್ಟೋ ವರ್ಷಗಳವರೆಗೆ ಬಡ್ಡಿ ಸಮೇತ ತೀರಿಸುತ್ತಾನೆ. ಇದನ್ನು ಕಂಡೇ ವರ್ಜೀನಿಯಾದ ಶಾಸನಸಭೆ 2015ರಲ್ಲಿ, ಕ್ರೀಡಾ ಬಜೆಟ್ಟಿನಲ್ಲಿ ಶುಲ್ಕ ಮತ್ತು ಸಹಾಯಧನದ ಪಾಲು ಎಷ್ಟಿರಬಹುದೆಂಬುದಕ್ಕೆ ಶ್ರೇಣಿವಾರು ಮಿತಿ ಹಾಕಿತು. ಅತಿ ಶ್ರೀಮಂತ ಒಕ್ಕೂಟದವರಿಗೆ ಶೇಕಡ 20, ಅವರ ಕೆಳಗಿನವರಿಗೆ 55, ಅದಕ್ಕೂ ಕೆಳಗಿನವರಿಗೆ 70 ಎಂಬ ಆ ಮಿತಿಗಳೇ ಬಡ ವಿಭಾಗಗಳ ಪರಿಸ್ಥಿತಿಯನ್ನು ಹೇಳುತ್ತವೆ.

ಖರ್ಚು ತಾಳದೆ ಆಟ ನಿಲ್ಲಿಸಲು ಹೊರಟವರ ಅನುಭವವೂ ಹಿತವಾಗಿಲ್ಲ. ಅಲಬಾಮ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಮ್ ಶಾಖೆ 2014ರ ಡಿಸೆಂಬರಿನಲ್ಲಿ ಫುಟ್‌ಬಾಲನ್ನು ಕೈಬಿಡುವುದಾಗಿ ಪ್ರಕಟಿಸಿ, ಊರಿನವರ ಮತ್ತು ದಾನಿಗಳ ಒತ್ತಡಕ್ಕೆ ಮಣಿದು ಆರೇ ತಿಂಗಳಲ್ಲಿ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಸ್ಟ್ಯಾನ್‌ಫರ್ಡ್ 2020ರಲ್ಲಿ ತನ್ನ 36 ಆಟಗಳ ಪೈಕಿ 11ನ್ನು ನಿಲ್ಲಿಸುವುದಾಗಿ ಹೇಳಿ ಮರುವರ್ಷ ಹಿಂದೆ ಸರಿಯಿತು. ಇನ್ನು ಕ್ರೀಡಾ ವಿದ್ಯಾರ್ಥಿವೇತನವನ್ನೇ ನಿಷೇಧಿಸಿರುವ ಮೂರನೆಯ ಶ್ರೇಣಿಯ ಸುಮಾರು 430 ಕಾಲೇಜುಗಳಲ್ಲಿ ತರ್ಕವೇ ತಿರುವುಮುರುವು. ಸಾವಿರದಷ್ಟು ವಿದ್ಯಾರ್ಥಿಗಳಿರುವ ಗ್ರಾಮಾಂತರದ ಖಾಸಗಿ ಕಾಲೇಜೊಂದು ಹೊಸದಾಗಿ ಫುಟ್‌ಬಾಲ್ ತಂಡ ಕಟ್ಟಿದರೆ ನೂರು ಹುಡುಗರು ಆಡುವ ಆಸೆಗೆ ಸೇರಿ ಶುಲ್ಕ ಕಟ್ಟುತ್ತಾರೆ. ಅಲ್ಲಿ ತಂಡ ಗೆಲ್ಲುವುದು ಮುಖ್ಯವಲ್ಲ, ದಾಖಲಾತಿ ತುಂಬುವುದು ಮುಖ್ಯ, ಮತ್ತು ತರಬೇತುದಾರನ ನಿಜವಾದ ಕೆಲಸ ಪ್ರವೇಶ ಅಧಿಕಾರಿಯದ್ದು.

ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ತಂದ ಹಣ ಸಂಬಳ ಮತ್ತು ಕಾಂಕ್ರೀಟಿಗೆ ಮಾತ್ರ ಹೋಯಿತೆಂದರೆ ಅನ್ಯಾಯವಾದೀತು. ಈಜು, ಓಟ, ಕುಸ್ತಿ, ಜಿಮ್ನಾಸ್ಟಿಕ್ಸ್, ದೋಣಿ ಓಟ ಮೊದಲಾದ, ಟಿಕೆಟ್ಟಿನಿಂದ ಏನೂ ಗಳಿಸದ ಆಟಗಳೆಲ್ಲ ಆ ಹಣದಿಂದಲೇ ಬದುಕಿವೆ. ಒಲಿಂಪಿಕ್ ಸಿದ್ಧತೆಗೆ ಸರ್ಕಾರ ನೇರ ಅನುದಾನ ಕೊಡದ ದೇಶದಲ್ಲಿ ಆ ಸಿದ್ಧತೆಯ ಭಾರ ಹೊತ್ತಿರುವುದು ವಿಶ್ವವಿದ್ಯಾಲಯಗಳು. 2024ರ ಪ್ಯಾರಿಸ್ ಕೂಟಕ್ಕೆ ಹೋದ ಅಮೆರಿಕದ ಸ್ಪರ್ಧಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಜನ ಕಾಲೇಜು ಕ್ರೀಡೆಯಿಂದ ಬಂದವರು. ಈ ಉಪಕಾರ ಅಮೆರಿಕದವರಿಗಷ್ಟೇ ಸೀಮಿತವೂ ಅಲ್ಲ. ಮೈಸೂರಿನಲ್ಲಿ ಹುಟ್ಟಿ ಮೇರಿಲ್ಯಾಂಡಿನಲ್ಲಿ ಬೆಳೆದ ವಿಕಾಸ್ ಗೌಡ ಅವರು ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಪರವಾಗಿ ಸ್ಪರ್ಧಿಸಿ 2006ರಲ್ಲಿ ಎನ್‌ಸಿಎಎ ಡಿಸ್ಕಸ್ ಎಸೆತದ ಚಾಂಪಿಯನ್ ಆದರು, ಭಾರತದ ಪರವಾಗಿ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಭಾಗವಹಿಸಿ, 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಗೆದ್ದರು. ಡಿಸ್ಕಸ್ ನೋಡಲು ಹಣ ಕೊಟ್ಟು ಬರುವವರು ಅಮೆರಿಕದಲ್ಲಿಯೂ ಇಲ್ಲ. ಮೈಕಲ್ ಜೋರ್ಡನ್ ಆಡಿದ್ದ ಬ್ಯಾಸ್ಕೆಟ್‌ಬಾಲ್ ತಂಡದಿಂದ ಹೆಸರಾದ ಆ ವಿಶ್ವವಿದ್ಯಾಲಯದಲ್ಲಿ ಎಸೆತಗಾರರ ತರಬೇತುದಾರನ ಸಂಬಳ, ವ್ಯಾಯಾಮಶಾಲೆ, ಪ್ರಯಾಣದ ವೆಚ್ಚಗಳು ಬರುವುದು ಪ್ರೇಕ್ಷಕರುಳ್ಳ ಆಟಗಳ ದುಡಿಮೆ ಸೇರುವ ಬೊಕ್ಕಸದಿಂದಲೇ.

ಈ ಹಂಚಿಕೆ ಪೂರ್ತಿಯಾಗಿ ಸ್ವಇಚ್ಛೆಯಿಂದ ಆದದ್ದೂ ಅಲ್ಲ. ಸರ್ಕಾರಿ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗದ ಆಧಾರದ ತಾರತಮ್ಯವನ್ನು ನಿಷೇಧಿಸಿದ 1972ರ ಕಾನೂನು, ಟೈಟಲ್ ನೈನ್ ಎಂದು ಪ್ರಸಿದ್ಧವಾದದ್ದು, ಆಡುವ ಅವಕಾಶ ಮತ್ತು ವಿದ್ಯಾರ್ಥಿವೇತನಗಳಲ್ಲಿ ಮಹಿಳೆಯರಿಗೆ ನ್ಯಾಯಯುತ ಪಾಲು ಸಿಗಬೇಕೆಂದು ಕಡ್ಡಾಯ ಮಾಡಿತು. ಸಮಾನ ಖರ್ಚನ್ನು ಅದು ಕೇಳುವುದಿಲ್ಲ. ನೂರು ಜನರ ಫುಟ್‌ಬಾಲ್ ತಂಡವನ್ನು ಹಾಗೆಯೇ ಇಟ್ಟುಕೊಂಡು ಲೆಕ್ಕ ಸರಿಮಾಡಲು ಹೊರಟ ವಿಭಾಗಗಳು ಪುರುಷರ ಕುಸ್ತಿ, ಜಿಮ್ನಾಸ್ಟಿಕ್ಸ್ ತಂಡಗಳನ್ನು ಮುಚ್ಚಿ ದೂರನ್ನು ಮಹಿಳೆಯರ ಮೇಲೆ ಹಾಕಿದ್ದುಂಟು.

ಇಡೀ ಏರ್ಪಾಡು ನಿಂತಿದ್ದು ಆಟಗಾರ ನೌಕರನಲ್ಲ, ವಿದ್ಯಾರ್ಥಿ ಎಂಬ ಒಂದು ಪ್ರತಿಪಾದನೆಯ ಮೇಲೆ. 1956ರಲ್ಲಿ ಎನ್‌ಸಿಎಎ ಕ್ರೀಡಾ ವಿದ್ಯಾರ್ಥಿವೇತನಕ್ಕೆ ಅನುಮತಿ ಕೊಟ್ಟ ಸುಮಾರಿಗೆ, ಕೊಲೊರಾಡೊದ ಕಾಲೇಜೊಂದರಲ್ಲಿ ಪಂದ್ಯದ ವೇಳೆ ತಲೆಗೆ ಪೆಟ್ಟಾಗಿ ಸತ್ತ ಆಟಗಾರನ ಪತ್ನಿ ಕಾರ್ಮಿಕ ಪರಿಹಾರ ಕೋರಿದ್ದರು. ಆ ರಾಜ್ಯದ ಸುಪ್ರೀಂ ಕೋರ್ಟ್ 1957ರಲ್ಲಿ ಅದನ್ನು ತಳ್ಳಿಹಾಕಿತು. ಇಂಥ ಹೊಣೆಯಿಂದ ತಪ್ಪಿಸಿಕೊಳ್ಳಲೆಂದೇ ವಿದ್ಯಾರ್ಥಿ-ಕ್ರೀಡಾಪಟು ಎಂಬ ಹೆಸರನ್ನು ಹೊಸೆದು ಎಲ್ಲ ನಿಯಮಗಳಲ್ಲಿ ಸೇರಿಸಲಾಯಿತೆಂದು, ಮೂರೂವರೆ ದಶಕ ಎನ್‌ಸಿಎಎಯನ್ನು ನಡೆಸಿದ ವಾಲ್ಟರ್ ಬೈಯರ್ಸ್ ಅವರೇ ನಿವೃತ್ತಿಯ ನಂತರ 1995ರಲ್ಲಿ ಬರೆದರು. 2021ರಲ್ಲಿ ಆಲ್‌ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪಿತ್ತು, ಶಿಕ್ಷಣಕ್ಕೆ ಸಂಬಂಧಿಸಿದ ಸೌಲಭ್ಯಗಳಿಗೆ ಮಿತಿ ಹಾಕುವುದು ಅಕ್ರಮವೆಂದಿತು. ಅದೇ ವರ್ಷದ ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರವನ್ನು ಜಾಹೀರಾತಿಗೆ ಬಳಸಿ ಗಳಿಸಲು ಅವಕಾಶವಾಯಿತು.

ಹೌಸ್ ಪ್ರಕರಣವೆಂದು ಹೆಸರಾದ ದಾವೆಯ ರಾಜಿಗೆ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅವರು 2025ರ ಜೂನ್ 6ರಂದು ಒಪ್ಪಿಗೆ ಕೊಟ್ಟಾಗ ಹಳೆಯ ಲೆಕ್ಕ ಬದಲಾಯಿತು. ಅದರ ಪ್ರಕಾರ 2016ರಿಂದೀಚೆಗೆ ಆಡಿದವರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಬಾಕಿ ಕೊಡಬೇಕು, ಮತ್ತು 2025ರ ಜುಲೈ 1ರಿಂದ ಪ್ರತಿ ವಿಶ್ವವಿದ್ಯಾಲಯವೂ ಬಯಸಿದರೆ ತನ್ನ ಆಟಗಾರರಿಗೆ ನೇರವಾಗಿ ಮೊದಲ ವರ್ಷದಲ್ಲಿ ಗರಿಷ್ಠ 2.05 ಕೋಟಿ ಡಾಲರ್, ಎಂದರೆ ಸುಮಾರು 175 ಕೋಟಿ ರೂಪಾಯಿ ಹಂಚಬಹುದಾಗಿತ್ತು. ಬಯಸಿದರೆ ಎಂಬುದು ಕಾಗದದ ಮೇಲಿನ ಮಾತು. ನೆರೆಯವನು ಕೊಟ್ಟ ಮೇಲೆ ಕೊಡದೆ ಉಳಿಯುವುದು ಯಾರಿಗೂ ಆಗದು. ಗಳಿಸಿದ್ದನ್ನೆಲ್ಲ ಖರ್ಚು ಮಾಡಿ ಕುಳಿತಿದ್ದ ವಿಭಾಗಗಳಿಗೆ ಹಠಾತ್ತನೆ ಹೊಸ ಹಕ್ಕುದಾರರು ಬಂದಂತಾಗಿದೆ. ಆದರೆ ತರಬೇತುದಾರರ ಒಪ್ಪಂದಗಳೂ ಕಟ್ಟಡದ ಕಂತುಗಳೂ ಮೊದಲೇ ಸಹಿಯಾದವು, ಕುಗ್ಗಿಸಲಾಗದವು. ಟೆನ್ನಸಿ ವಿಶ್ವವಿದ್ಯಾಲಯವು ಟಿಕೆಟ್ಟಿನ ಮೇಲೆ ಪ್ರತಿಭಾ ಶುಲ್ಕವೆಂದು ಶೇಕಡ 10 ಸೇರಿಸಿತು. ಕೆಂಟಕಿ ವಿಶ್ವವಿದ್ಯಾಲಯವು ತನ್ನ ಇಡೀ ಕ್ರೀಡಾ ವಿಭಾಗವನ್ನು ಸೀಮಿತ ಹೊಣೆಗಾರಿಕೆಯ ಕಂಪನಿಯೊಂದಕ್ಕೆ ವರ್ಗಾಯಿಸಲು ತೀರ್ಮಾನಿಸಿತು. ಹಳೆಯ ಬಾಕಿಯ ಬಹುಭಾಗವನ್ನು ಎನ್‌ಸಿಎಎ ತನ್ನ ಸದಸ್ಯರಿಗೆ ಪ್ರತಿವರ್ಷ ಹಂಚುವ ಹಣದಲ್ಲಿ ಮುರಿದುಕೊಳ್ಳುವುದರಿಂದ, ಕೋಟಿಗಳ ಫುಟ್‌ಬಾಲಿನ ಲಾಭವನ್ನು ಎಂದೂ ಕಾಣದ ಸಣ್ಣ ವಿಶ್ವವಿದ್ಯಾಲಯಗಳೂ ಅದರ ಋಣದಲ್ಲಿ ಪಾಲುದಾರರಾಗಿವೆ.

ಹಂಚುವ ಹಣದ ಮುಕ್ಕಾಲು ಭಾಗ ಫುಟ್‌ಬಾಲಿಗೆ, ಉಳಿದುದರ ಹೆಚ್ಚಿನಂಶ ಪುರುಷರ ಬ್ಯಾಸ್ಕೆಟ್‌ಬಾಲಿಗೆ ಎಂಬ ಸೂತ್ರವನ್ನು ಅನೇಕ ದೊಡ್ಡ ವಿಭಾಗಗಳು ಅನುಸರಿಸಲು ಹೊರಟಿವೆ. ಇಂಥ ಪಾವತಿಗೂ ಟೈಟಲ್ ನೈನ್ ಅನ್ವಯಿಸುತ್ತದೆಯೆಂದು ಅಮೆರಿಕದ ಶಿಕ್ಷಣ ಇಲಾಖೆ 2025ರ ಜನವರಿಯಲ್ಲಿ ಹೇಳಿತು. ಸರ್ಕಾರ ಬದಲಾದ ಮೇಲೆ ಫೆಬ್ರುವರಿಯಲ್ಲಿ ಆ ಮಾತನ್ನು ಹಿಂತೆಗೆದುಕೊಂಡಿತು. ಹಳೆಯ ಬಾಕಿಯ ಹಂಚಿಕೆಯಲ್ಲಿ ತಮಗೆ ಅನ್ಯಾಯವಾಗಿದೆಯೆಂದು ಮಹಿಳಾ ಕ್ರೀಡಾಪಟುಗಳ ಗುಂಪೊಂದು ರಾಜಿಯ ಅನುಮೋದನೆಯಾದ ಕೆಲವೇ ದಿನಗಳಲ್ಲಿ ಮೇಲ್ಮನವಿ ಸಲ್ಲಿಸಿತು. ಅದರಿಂದ ಬಾಕಿಯ ಪಾವತಿಗೆ ತಡೆಬಿತ್ತು. ಹೊಸ ಹಂಚಿಕೆ ಮಾತ್ರ ಗೊತ್ತುಪಡಿಸಿದ ದಿನದಂದೇ ಆರಂಭವಾಯಿತು.